ಅಬ್ಸಾಲೊನನಿಗೆ ಬೇಕಿದ್ದ ಕೂಗು

ಅಬ್ಸಾಲೊನ್ ಯಗುವಾಲ್ ಸುಮ್ಮನೆ ನಿಂತದ್ದನ್ನು ಲಾತಾಕುಂಗಾ ಊರಿನಲ್ಲಿ ಯಾರೂ ನೋಡಿಲ್ಲ. ಕೈ ಲಿವರಿನ ಮೇಲಿದ್ದರೆ ಕಾಲು ಕುಣಿಯುತ್ತಿರುತ್ತದೆ. ಕಾಲು ನಿಂತರೆ ಬೆರಳು ಕಂಬದ ಮೇಲೆ ತಾಳ ಹಾಕುತ್ತಿರುತ್ತದೆ. ಅಂಡು ಸುಟ್ಟ ಬೆಕ್ಕು ಅನ್ನುತ್ತಾರಲ್ಲ, ಹಾಗೆ.

ಊರಿನ ಕೆಳಗೆ, ಹೊಳೆಯ ಪಕ್ಕ, ಒಂದು ಆಟದ ಪಾರ್ಕು. ಅಲ್ಲಿ ರೋಲರ್ ಕೋಸ್ಟರ್ ಓಡಿಸುವುದು ಅವನ ಕೆಲಸ. ಅಲ್ಲಿನವರ ಬಾಯಲ್ಲಿ ಅದು ರಷ್ಯದ ಬೆಟ್ಟ. ಎತ್ತ ತಿರುಗಿದರೂ ಬೆಟ್ಟವೇ ಇರುವ ಊರು ಅದು. ಮೋಡ ಸರಿದರೆ ಹಿಮ ಹೊತ್ತ ಕೊತೊಪಾಕ್ಸಿ ಶಿಖರ ತಲೆಯ ಮೇಲೇ ಕೂತಂತೆ ಕಾಣುತ್ತದೆ. ಇಂಥ ಊರಿಗೆ ರಷ್ಯದವರ ಬೆಟ್ಟ ಯಾಕೆ ಬೇಕಿತ್ತೋ ಅಂತ ಮುದುಕರು ಈಗಲೂ ನಗುತ್ತಾರೆ.

ಅಬ್ಸಾಲೊನ್ ಬೆಟ್ಟದವನಲ್ಲ. ಸಾಂತಾ ಎಲೆನಾ ಕಡೆಯ ಕಡಲ ತಡಿಯಲ್ಲಿ, ಮೀನು ಹಿಡಿಯುವವರ ಕೇರಿಯಲ್ಲಿ ಹುಟ್ಟಿದವನು. ಅಲ್ಲಿ ದೋಣಿಯಿಂದ ದೋಣಿಗೆ ಮಾತಾಡಬೇಕಾದರೆ ಅಲೆಗಿಂತ ಗಂಟಲು ದೊಡ್ಡದಿರಬೇಕು. ಅಪ್ಪ ಕೂಗುತ್ತಿದ್ದ. ಅವ್ವ ಕೂಗುತ್ತಿದ್ದಳು. ಸಿಟ್ಟು ಬಂದರೂ ಕೂಗು, ಪ್ರೀತಿ ಬಂದರೂ ಕೂಗು. ಯಾರಾದರೂ ಸುಮ್ಮನಾದರೆ ಜ್ವರ ಬಂತೇನೋ ಅಂತ ಹಣೆ ಮುಟ್ಟಿ ನೋಡುತ್ತಿದ್ದರು.

ಮೀಸೆ ಮೂಡುವ ವಯಸ್ಸಿನಲ್ಲಿ ಅವನು ಊರೂರು ಅಲೆಯುವ ಒಂದು ಆಟದ ಕಂಪನಿ ಸೇರಿದ. ರಾಟೆ ತೊಟ್ಟಿಲು, ಮರದ ಕುದುರೆ, ಒಂದು ರಷ್ಯದ ಬೆಟ್ಟ. ಜಾತ್ರೆ ಇದ್ದಲ್ಲಿ ಜೋಡಿಸುವುದು, ಮುಗಿದ ಮೇಲೆ ಬಿಚ್ಚಿ ಲಾರಿಗೆ ಹೇರುವುದು. ಹೀಗೆ ಅಲೆದು ಅಲೆದು ಮಾಲೀಕನಿಗೆ ವಯಸ್ಸಾಯಿತು. ಲಾತಾಕುಂಗಾದ ಪಾರ್ಕಿನವರಿಗೆ ಬೆಟ್ಟವನ್ನು ಮಾರಿ ಕೈ ತೊಳೆದುಕೊಂಡ. ಬಿಡಿ ಭಾಗಗಳ ಜೊತೆ ಅಬ್ಸಾಲೊನನನ್ನೂ ಪುಕ್ಕಟೆ ಬಿಟ್ಟುಹೋದ ಅಂತ ಬೆಲಿಸಾರಿಯೊ ಮೇಸ್ತ್ರಿ ಹೇಳುವುದುಂಟು. ಮೇಸ್ತ್ರಿ ಪಾರ್ಕಿನ ಯಂತ್ರಗಳನ್ನು ರಿಪೇರಿ ಮಾಡುವವರು. ಅಲ್ಲೇ ಹುಟ್ಟಿ ಅಲ್ಲೇ ಬೆಳೆದ ಬೆಟ್ಟದ ಮನುಷ್ಯ.

ಬೆಟ್ಟದ ಊರಿಗೆ ಬಂದ ಮೊದಲ ದಿನಗಳಲ್ಲಿ ಅಬ್ಸಾಲೊನನಿಗೆ ತಲೆ ಕೆಟ್ಟುಹೋಗಿತ್ತು. ಬಂಡಿ ತುಂಬ ಜನ ಹತ್ತುತ್ತಾರೆ. ಸರಪಳಿ ಟಕ ಟಕ ಅಂತ ಮೇಲಕ್ಕೆ ಎಳೆಯುತ್ತದೆ. ತುದಿಯಲ್ಲಿ ಒಂದು ಗಳಿಗೆ ನಿಂತಂತೆ ಆಗಿ, ಧಡಾರ್ ಅಂತ ಕೆಳಗೆ ಬೀಳುತ್ತದೆ. ಕಡಲ ಕಡೆಯಲ್ಲಾದರೆ ಆ ಹೊತ್ತಿಗೆ ಕಿವಿ ಕಿತ್ತುಹೋಗಬೇಕು. ಇಲ್ಲಿ ಚಕ್ರದ ಸದ್ದು, ಗಾಳಿಯ ಸದ್ದು, ಅಷ್ಟೇ. ಜನ ತುಟಿ ಬಿಗಿದು, ಒಂದು ಕೈಯಲ್ಲಿ ಟೋಪಿ, ಇನ್ನೊಂದು ಕೈಯಲ್ಲಿ ಕಂಬಿ ಹಿಡಿದು ಕೂತಿರುತ್ತಾರೆ. ಇಳಿಯುವಾಗ ‘ದೇವರು ನಿಮಗೆ ಒಳ್ಳೇದು ಮಾಡಲಿ’ ಅಂತ ಮೆಲ್ಲಗೆ ಹೇಳಿ ಹೋಗುತ್ತಾರೆ.

"ಮೇಸ್ತ್ರಿ, ಏನೋ ಕೆಟ್ಟಿದೆ. ಸರಪಳಿ ನೋಡಿ ಸ್ವಲ್ಪ."

"ಏನಾಗಿದೆ ಸರಪಳಿಗೆ?"

"ಯಾರೂ ಕೂಗ್ತಿಲ್ಲ."

"ಕೆಟ್ಟಿರೋದು ನಿನ್ನ ಕಿವಿ ಕಣೋ ಕೋತಿ. ಬಂಡಿ ಸರಿಯಾಗೇ ಇದೆ."

ಕಡಲಿನವರನ್ನು ಬೆಟ್ಟದವರು ಕೋತಿ ಅನ್ನುತ್ತಾರೆ. ಬೆಟ್ಟದವರನ್ನು ಕಡಲಿನವರು ಹುಳುಕು ಆಲೂಗಡ್ಡೆ ತಿನ್ನೋರು ಅನ್ನುತ್ತಾರೆ. ಅದಕ್ಕೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ, ಹೊಡೆದಾಟ ಆದಾಗ ಬಿಟ್ಟರೆ.

ರಜೆಯ ದಿನಗಳಲ್ಲಿ ಮಾತ್ರ ಅವನ ಜೀವಕ್ಕೆ ತಂಪು. ಆಗ ಕಡಲ ಕಡೆಯಿಂದ ಬಸ್ಸುಗಳು ಬರುತ್ತವೆ. ಆ ಜನ ಬಂಡಿ ಹೊರಡುವ ಮುಂಚೆಯೇ ಕೂಗು ಶುರು ಮಾಡುತ್ತಾರೆ. ಏರುವಾಗ ಎಲ್ಲ ಸಂತರನ್ನೂ ಕರೆಯುತ್ತಾರೆ. ಬೀಳುವಾಗ ಅದೇ ಸಂತರನ್ನು ಬೈಯುತ್ತಾರೆ. ಎರಡೂ ಕೈ ಮೇಲೆತ್ತಿ ಅಳುತ್ತಾ ನಗುತ್ತಾರೆ. ರಾಜಧಾನಿ ಕೀತೋದಿಂದ ಬಂದವರು ನಡುವಿನವರು. ಮುಖ ಮುಚ್ಚಿಕೊಂಡು ಕಿಸಕ್ಕೆಂದು ನಗುತ್ತಾರೆ, ಕೂದಲು ಸರಿಮಾಡಿಕೊಂಡು ಇಳಿಯುತ್ತಾರೆ. ಬೆಟ್ಟದವರದು ಮಾತ್ರ ಅದೇ ಮೌನ. ಅವರಿಗೆ ಖುಷಿಯಾಯಿತೋ, ಭಯವಾಯಿತೋ, ಹೊಟ್ಟೆ ತೊಳಸಿತೋ, ಒಂದೂ ತಿಳಿಯದು. ಅಬ್ಸಾಲೊನ್ ಒಬ್ಬೊಬ್ಬರ ಮುಖ ನೋಡಿ ನೋಡಿ ಮುಳ್ಳಿನ ಮೇಲೆ ನಿಂತವನ ಹಾಗೆ ಒದ್ದಾಡುತ್ತಿದ್ದ.

ಅಂಥ ಮೌನದ ಊರಿನಲ್ಲಿ ಅವನ ಮನಸ್ಸು ಹೋಗಿ ಬಿದ್ದದ್ದು ದೆಲ್ಫಿನಾಳ ಮೇಲೆ. ಅವಳು ಪಾರ್ಕಿನ ಬಾಗಿಲ ಬಳಿ ಬುಟ್ಟಿ ಇಟ್ಟುಕೊಂಡು ಹುರಿದ ಜೋಳ, ಹುರಿದ ಅವರೆಕಾಳು ಮಾರುತ್ತಿದ್ದಳು. ಬೆಟ್ಟದ ಮೇಲಿನ ಹಳ್ಳಿಯಿಂದ ದಿನವೂ ಬಸ್ಸಿನಲ್ಲಿ ಬರುತ್ತಿದ್ದಳು. ಬೇರೆ ಮಾರುವವರು ಗಂಟಲು ಹರಿದುಕೊಂಡರೆ ಇವಳು ತುಟಿ ಬಿಚ್ಚುತ್ತಿರಲಿಲ್ಲ. ಆದರೂ ಬುಟ್ಟಿ ಎಲ್ಲರಿಗಿಂತ ಮೊದಲು ಖಾಲಿ. ಯಾಕೆ ಅಂದರೆ ಅವಳ ಕೊಸರು ದೊಡ್ಡದು.

ಆ ಸೀಮೆಯಲ್ಲಿ ಏನು ಮಾರಿದರೂ ಕೊಸರು ಹಾಕಬೇಕು. ಆಲೂಗಡ್ಡೆ ತೂಗಿದ ಮೇಲೆ ಇನ್ನೆರಡು, ಹಾಲು ಅಳೆದ ಮೇಲೆ ಇನ್ನೊಂದು ಸೌಟು. ಕೊಸರು ಕೊಡದವನ ಹತ್ತಿರ ಎರಡನೇ ಸಲ ಯಾರೂ ಬರುವುದಿಲ್ಲ. ಹಾಗೇ, ಕೊಟ್ಟ ಕೊಸರನ್ನು ಬೇಡ ಅನ್ನುವವರೂ ಇಲ್ಲ. ಬೇಡ ಅಂದರೆ ಕೊಟ್ಟವನ ಕೈ ತಳ್ಳಿದ ಹಾಗೆ.

ದೆಲ್ಫಿನಾ ಅವನಿಗೆ ಹಾಕುತ್ತಿದ್ದ ಕೊಸರು ದಿನದಿಂದ ದಿನಕ್ಕೆ ಬೆಳೆಯಿತು. ಕೊನೆಗೆ ಕೊಂಡದ್ದಕ್ಕಿಂತ ಕೊಸರೇ ಹೆಚ್ಚಾಯಿತು. ಅಬ್ಸಾಲೊನನಿಗೆ ಅದೊಂದು ಅರ್ಥವಾಯಿತು. ಅದನ್ನು ನೋಡಿಯೇ ಅವನೂ ತನ್ನ ಬಂಡಿಯಲ್ಲಿ ಕೊಸರು ಶುರು ಮಾಡಿದ. ಜನ ಖುಷಿಯಾಗಿ ಕೂಗಿದರೆ, ಬಂಡಿ ತಿರುಗಿ ಬಂದಾಗ ಬ್ರೇಕು ಎಳೆಯುತ್ತಿರಲಿಲ್ಲ. ಹಾಗೇ ಬಿಟ್ಟುಬಿಡುತ್ತಿದ್ದ. ಇನ್ನೊಂದು ಸುತ್ತು ಬಿಟ್ಟಿ. ಕೂಗದವರಿಗೆ ಕೊಸರಿಲ್ಲ. ಹಾಗಾಗಿ ಬೆಟ್ಟದವರಿಗೆ ಆ ಕೊಸರು ಸಿಕ್ಕಿದ್ದೇ ಕಡಿಮೆ.

ಒಂದು ದಿನ ತಡೆಯಲಾರದೆ ಅವನು ಬಂಡಿ ಹತ್ತಿಸುವ ಕಟ್ಟೆಯ ಮೇಲಿಂದಲೇ ಕೂಗಿದ.

"ದೆಲ್ಫಿನಾ! ನನ್ನ ಮದುವೆ ಆಗ್ತೀಯಾ?"

ಸಾಲಿನಲ್ಲಿದ್ದ ಜನವೆಲ್ಲ ತಿರುಗಿ ನೋಡಿದರು. ದೆಲ್ಫಿನಾ ತಲೆ ಎತ್ತಲಿಲ್ಲ. ಅಳೆಯುತ್ತಿದ್ದ ಕಾಳನ್ನು ಅಳೆದು ಮುಗಿಸಿ, ಬುಟ್ಟಿ ಎತ್ತಿಕೊಂಡು ಬಸ್ಸಿಗೆ ಹೋದಳು. ಮಾರನೆಯ ದಿನವೂ ಮಾತಿಲ್ಲ. ಅಬ್ಸಾಲೊನ್ ಊಟ ಬಿಟ್ಟ. ಹೊಳೆಯ ದಂಡೆಯಲ್ಲಿ ಅತ್ತಿಂದಿತ್ತ ಇತ್ತಿಂದತ್ತ ನಡೆದ. ಅದರ ಮಾರನೆಯ ದಿನ ಅವಳು ಕಾಳು ಕೊಡುತ್ತಾ ಮೆಲ್ಲಗೆ ಅಂದಳು, "ಅವ್ವನ್ನ ಕೇಳಬೇಕು."

"ಅಷ್ಟೇನಾ? ಅದನ್ನ ಆವತ್ತೇ ಹೇಳೋಕೆ ಏನಾಗಿತ್ತು? ನಂಗೆ ಜೀವ ಹೋಗಿ ಬಂತು!"

"ನೀವು ಕೂಗಿದ್ರಿ. ಕೂಗಿದ್ದಕ್ಕೆ ಏನು ಉತ್ತರ ಕೊಡೋದು?"

"ಅವ್ವ ಬೇಡ ಅಂದ್ರೆ?"

"ನಾನು ಬರಲ್ಲ."

"ನಿಂಗೆ ಇಷ್ಟ ಇದ್ರೂ?"

ಅವಳು ಉತ್ತರದ ಬದಲು ಇನ್ನೊಂದು ಹಿಡಿ ಕಾಳು ಹಾಕಿದಳು.

ಅವಳ ಅವ್ವ ಪೆತ್ರೋನವ್ವ. ಗಂಡ ಸತ್ತ ಮೇಲೆ ಹೊಲ, ಕುರಿ, ಮನೆ ಎಲ್ಲಾ ಒಬ್ಬಳೇ ನಡೆಸಿದವಳು. ಹುಡುಗನ ಮಾತು ಕೇಳಿ ಏನೂ ತಿಳಿಯಲ್ಲ, ಅವನು ಕೆಲಸ ಮಾಡುವಾಗ ನೋಡಬೇಕು ಅಂದಳಂತೆ. ಸರಿ, ಒಂದು ಭಾನುವಾರ ಬರುವುದು ಅಂತ ಆಯಿತು.

ಆ ಭಾನುವಾರ ಕಡಲಿನವರ ರಜೆ. ಪಾರ್ಕಿನಲ್ಲಿ ಕಾಲಿಡಲು ಜಾಗವಿಲ್ಲ. ಪೆತ್ರೋನವ್ವ ಕಪ್ಪು ಶಾಲು ಹೊದ್ದು, ಒಳ್ಳೆಯ ಟೋಪಿ ಇಟ್ಟುಕೊಂಡು ಬಂದಳು. ಗಿಡ್ಡ ಹೆಂಗಸು. ಮುಖದಲ್ಲಿ ನಗುವೂ ಇಲ್ಲ, ಸಿಡುಕೂ ಇಲ್ಲ. ದೆಲ್ಫಿನಾ ಅವಳನ್ನು ಕಟ್ಟೆಯ ಮೇಲೆ ಬಿಟ್ಟು, ಗಿರಾಕಿಗಳು ಕಾಯುತ್ತಿದ್ದಾರೆ ಅಂತ ಬುಟ್ಟಿಯ ಬಳಿ ಹೋದಳು. ಅಬ್ಸಾಲೊನನಿಗೆ ಕೈಕಾಲು ಆಡಲಿಲ್ಲ. ಅಂದರೆ, ಎಂದಿಗಿಂತ ಹೆಚ್ಚು ಆಡಿದವು.

"ಇದೇನಾ ನಿಮ್ಮ ಬೆಟ್ಟ?" ಅಂದಳು ಪೆತ್ರೋನವ್ವ.

"ಹೂಂ ಅವ್ವ. ರಷ್ಯದ್ದು."

"ನಮ್ಮೂರಿನ ಬೆಟ್ಟದ ಅರ್ಧವೂ ಇಲ್ಲ."

"ಕೂತು ನೋಡಿ ಅವ್ವ, ಆಮೇಲೆ ಹೇಳಿ. ಬನ್ನಿ ಬನ್ನಿ, ಟಿಕೆಟ್ಟು ಗಿಕೆಟ್ಟು ಏನೂ ಬೇಡ."

ಅವಳು ಕೂರಲು ಬಂದವಳಲ್ಲ, ನೋಡಲು ಬಂದವಳು. ಒಂದು ಗಳಿಗೆ ಬಂಡಿ ನೋಡಿದಳು. ಅವನ ಚಾಚಿದ ಕೈ ನೋಡಿದಳು. ಆ ಕೈ ತಳ್ಳಲಾರದೆ ಹತ್ತಿದಳು.

ಅಬ್ಸಾಲೊನ್ ಅವಳಿಗೆ ಕೊನೆಯ ಸೀಟು ಕೊಟ್ಟ. ಕಡಲಿನವರು ಆ ಸೀಟಿಗೆ ಕಿತ್ತಾಡುತ್ತಾರೆ. ಇಳಿಯುವಾಗ ಅದು ಎಲ್ಲಕ್ಕಿಂತ ಜೋರಾಗಿ ಎತ್ತಿ ಎಸೆಯುತ್ತದೆ. ಬೇಕಾದವರಿಗೆ ಮೀಸಲಿಡುವ ಸೀಟು ಅದು. ಪಕ್ಕದಲ್ಲಿ ಕಡಲ ಕಡೆಯ ಗ್ವಾಯಾಕಿಲ್ ಪಟ್ಟಣದ ದಪ್ಪನೆಯ ಒಬ್ಬ ಹೆಂಗಸು ಬಂದು ಕೂತಳು.

"ಟೋಪಿ ತೆಗೀರಿ ಅವ್ವ, ಹಾರಿಹೋಗತ್ತೆ."

"ನನ್ನ ಕೈ ಇದೆಯಲ್ಲ."

ಬಂಡಿ ಹೊರಟಿತು. ಸರಪಳಿ ಎಳೆಯಲು ಶುರುವಾದದ್ದೇ ತಡ, ಪಕ್ಕದ ಹೆಂಗಸು ಬಾಯಿ ತೆಗೆದಳು. "ಅಯ್ಯೋ ನನ್ನ ತಾಯೇ! ನನ್ನ ಮಕ್ಕಳು ಅನಾಥರಾಗ್ತಾರಲ್ಲೋ! ಇಳಿಸ್ರೋ! ಬ್ಯಾಡ ಬ್ಯಾಡ, ಇಳಿಸಬ್ಯಾಡ್ರೋ!" ಬಂಡಿ ತುಂಬ ಅದೇ ಗಲಾಟೆ. ತುದಿಯಿಂದ ಬಿದ್ದಾಗ ಆಕಾಶ ಹರಿದ ಹಾಗೆ ಆಯಿತು. ಅಬ್ಸಾಲೊನ್ ಆ ಸದ್ದಿನೊಳಗೆ ಒಂದು ಹೊಸ ಗಂಟಲಿಗಾಗಿ ಕಿವಿ ಚಾಚಿದ. ಸಿಗಲಿಲ್ಲ.

ಬಂಡಿ ಕಟ್ಟೆಗೆ ಬಂತು. ಪೆತ್ರೋನವ್ವನ ಮುಖ ಹತ್ತುವಾಗ ಹೇಗಿತ್ತೋ ಹಾಗೇ ಇತ್ತು. ಒಂದು ಕೈ ಮೇಲೆ, ಟೋಪಿಯ ಮೇಲೆ.

‘ಸಾಕಾಗಲಿಲ್ಲ ಅಂತ ಕಾಣತ್ತೆ’ ಅಂದುಕೊಂಡ ಅವನು. ಅತ್ತೆಯಾಗುವವಳು ಬಂದಿದ್ದಾಳೆ, ಅವಳಿಗೆ ಒಂದು ಕೂಗಿನಷ್ಟೂ ಖುಷಿ ಕೊಡಲಾಗಲಿಲ್ಲ. ಬಂಡಿಯವರೆಲ್ಲ "ಕೊಸರು! ಕೊಸರು!" ಅಂತ ಕುಣಿಯುತ್ತಿದ್ದರು. ಅವನು ಲಿವರ್ ಮುಟ್ಟಲಿಲ್ಲ. ಬಂಡಿ ಕಟ್ಟೆ ದಾಟಿ ಮತ್ತೆ ಸರಪಳಿಗೆ ಕಚ್ಚಿಕೊಂಡಿತು.

ಎರಡನೇ ಸುತ್ತಿಗೆ ಅವನು ಕಟ್ಟೆಯ ಈ ತುದಿಯಿಂದ ಆ ತುದಿಗೆ ಓಡಾಡಿದ. "ಕೂಗವ್ವ, ಒಂದೇ ಒಂದು ಸಲ" ಅಂತ ತನ್ನಷ್ಟಕ್ಕೆ ಬೇಡಿಕೊಂಡ. ಅಷ್ಟರಲ್ಲಿ ಯಾರೋ ತೋಳು ಹಿಡಿದು ಎಳೆದರು. ದೆಲ್ಫಿನಾ. ಮೆಟ್ಟಿಲು ಹತ್ತಿ ಓಡಿಬಂದು ಏದುಸಿರು ಬಿಡುತ್ತಿದ್ದಳು. ಅವಳ ತುಟಿ ಅಲ್ಲಾಡಿತು.

"ಏನು?" ಅಂದ ಅವನು. ಕಿವಿ ಬಗ್ಗಿಸಿದ.

ಅವಳು ಮತ್ತೆ ಏನೋ ಅಂದಳು. ಅದೇ ಹೊತ್ತಿಗೆ ಬಂಡಿ ಕಟ್ಟೆಗೆ ನುಗ್ಗಿತು. ಇಡೀ ಕಡಲೇ ಕೂಗಿದ ಹಾಗೆ ಸದ್ದು.

"ನೋಡು ನಿಮ್ಮವ್ವನ್ನ!" ಅಂತ ಅವನು ಕಿರುಚಿದ. "ಕೈ ಮೇಲೆತ್ತಿದ್ದಾರೆ! ಬೇಕಂತೆ!"

ಬಂಡಿ ಮೂರನೇ ಸುತ್ತಿಗೆ ಹೋಯಿತು. ದೆಲ್ಫಿನಾ ಬಾಯಿಗೆ ಶಾಲಿನ ತುದಿ ಒತ್ತಿಕೊಂಡಳು. ಬಂಡಿ ಮೇಲೇರಿ ಗದ್ದಲ ಸ್ವಲ್ಪ ದೂರವಾದಾಗ ಅವಳ ಮಾತು ಅವನಿಗೆ ಕೇಳಿಸಿತು. "ನಿಲ್ಲಿಸಿ" ಅನ್ನುತ್ತಿದ್ದಳು. ಆದರೆ ಸರಪಳಿಗೆ ಸಿಕ್ಕ ಬಂಡಿಯನ್ನು ನಿಲ್ಲಿಸಲು ಆಗುವುದಿಲ್ಲ. ಸುತ್ತು ಮುಗಿಸಿಯೇ ಬರಬೇಕು.

ಬಂದಾಗ ಅವನು ಬ್ರೇಕು ಎಳೆದ. ಕಂಬಿ ಎತ್ತಿದ. ಪೆತ್ರೋನವ್ವ ಕೂಡಲೇ ಏಳಲಿಲ್ಲ. ಆಮೇಲೆ ಎದ್ದು ಲಂಗ ಕೊಡವಿದಳು, ಶಾಲು ಸರಿಮಾಡಿದಳು.

"ಈ ಅಜ್ಜಿ ಗಟ್ಟಿ ಪಿಂಡ ಕಣ್ರೋ!" ಅಂತ ಪಕ್ಕದ ಹೆಂಗಸು ಅವಳನ್ನು ತಬ್ಬಿಕೊಂಡಳು. "ಕಮಕ್ ಕಿಮಕ್ ಅನ್ಲಿಲ್ಲ!"

ಪೆತ್ರೋನವ್ವ ಆ ತೋಳುಗಳಿಂದ ಮೆಲ್ಲಗೆ ಬಿಡಿಸಿಕೊಂಡು ಅಬ್ಸಾಲೊನನ ಮುಂದೆ ಬಂದು ನಿಂತಳು. "ದೇವರು ನಿಮಗೆ ಒಳ್ಳೇದು ಮಾಡಲಿ" ಅಂದಳು. ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿದಳು. ದೆಲ್ಫಿನಾ ಹಿಂದೆ ಹೋದಳು. ಬುಟ್ಟಿಯಲ್ಲಿ ಅರ್ಧ ಕಾಳು ಹಾಗೇ ಇತ್ತು. ಅದನ್ನು ಎತ್ತಿಕೊಂಡು ಇಬ್ಬರೂ ಬಸ್ಸು ಹತ್ತಿದರು.

ಮಾರನೆಯ ದಿನ ಬಾಗಿಲ ಬಳಿ ದೆಲ್ಫಿನಾಳ ಜಾಗ ಖಾಲಿ. ಅದರ ಮಾರನೆಯ ದಿನವೂ ಖಾಲಿ. ಅಬ್ಸಾಲೊನ್ ಬಂಡಿ ಬಿಡುವಾಗ ಬಾಗಿಲ ಕಡೆ ನೋಡುತ್ತಿದ್ದ, ಬಂಡಿ ಬಂದಾಗಲೂ ಬಾಗಿಲ ಕಡೆ ನೋಡುತ್ತಿದ್ದ. ಒಮ್ಮೆ ಇಳಿದ ಜನ ಇನ್ನೂ ಕಟ್ಟೆಯ ಮೇಲಿರುವಾಗಲೇ ಖಾಲಿ ಬಂಡಿ ಬಿಟ್ಟುಬಿಟ್ಟ. ಮಲಗಿದರೆ ನಿದ್ದೆ ಇಲ್ಲ, ಎದ್ದರೆ ನೆಲೆ ಇಲ್ಲ. ವಾರ ಕಳೆಯುವ ಹೊತ್ತಿಗೆ ಮೇಸ್ತ್ರಿಗೆ ಅವನ ಓಡಾಟ ನೋಡಿಯೇ ಸುಸ್ತಾಯಿತು.

"ಕೂತ್ಕೊಳ್ಳೋ ಕೋತಿ. ನಿನ್ನ ನೋಡಿ ನಂಗೆ ತಲೆ ತಿರುಗ್ತಿದೆ."

"ಅವಳವ್ವ ನಂಗೆ ಒಳ್ಳೇದಾಗ್ಲಿ ಅಂತ ಹರಸಿದ್ರು ಮೇಸ್ತ್ರಿ. ನನ್ನ ಕಿವಿಯಾರೆ ಕೇಳ್ದೆ."

"ಅದನ್ನ ನಾವು ನಮಗೆ ಹೊಡೆದೋನಿಗೂ ಹೇಳ್ತೀವಿ."

"ಹಂಗಂದ್ರೆ?"

ಮೇಸ್ತ್ರಿ ಕೈಯ ಎಣ್ಣೆ ಒರೆಸಿಕೊಂಡರು. "ನೀನು ಆ ಮುದುಕೀನ ಮೂರು ಸಲ ಕೊಂದೆ ಕಣೋ. ಮೊದಲ ಸುತ್ತಲ್ಲೇ ಅವಳ ತುಟಿ ಬೆಳ್ಳಗಾಗಿತ್ತು. ನಾನು ಕೆಳಗಿನ ಶೆಡ್ಡಿಂದ ನೋಡ್ದೆ. ಬರೋ ಅಷ್ಟರಲ್ಲಿ ಮುಗಿದಿತ್ತು."

"ತುಟಿನಾ? ನಾನು ತುಟಿ ನೋಡ್ಲಿಲ್ಲ. ಕೈ ಮೇಲಿತ್ತಲ್ಲ!"

"ಟೋಪಿ ಹಿಡ್ಕೊಂಡಿದ್ಲು, ಬೋಳಿಮಗನೆ."

ಅಬ್ಸಾಲೊನ್ ಆಗಲೇ ಎದ್ದು ನಿಂತಿದ್ದ. "ನಡೀರಿ. ಈಗಲೇ ಹೋಗಿ ಕಾಲಿಗೆ ಬೀಳ್ತೀನಿ."

"ಬರಿಗೈಲಿ ಹೋಗಿ, ಬಾಗಿಲಲ್ಲಿ ನಿಂತು ಕೂಗ್ತೀಯಾ? ಅಲ್ಲಿಗೆ ಮುಗೀತು. ಹೆಣ್ಣು ಕೇಳೋಕೆ ಒಂದು ಕ್ರಮ ಇದೆ. ನಿಂಗೆ ಈ ಕಡೆ ಹಿರಿಯರು ಅಂತ ಯಾರೂ ಇಲ್ಲ. ನಾನೇ ಬರ್ತೀನಿ. ನಾನೇ ಮಾತಾಡ್ತೀನಿ. ನೀನು ಬಾಯಿ ಮುಚ್ಕೊಂಡು ಕೂರಬೇಕು. ಆಗತ್ತಾ?"

"ಆಗತ್ತೆ."

"ಆಗಲ್ಲ," ಅಂದರು ಮೇಸ್ತ್ರಿ. "ಆದ್ರೂ ಹೋಗಿ ನೋಡೋಣ."

ಬಸ್ಸು ಹೊಲಗಳ ನಡುವೆ ಸುತ್ತಿ ಸುತ್ತಿ ಏರಿತು. ಅಬ್ಸಾಲೊನನ ಮಡಿಲಲ್ಲಿ ಬನ್ನಿನ ದೊಡ್ಡ ಬುಟ್ಟಿ, ಮೇಲೆ ಬಿಳಿ ಬಟ್ಟೆ ಹೊದಿಸಿ ಗಂಟು ಹಾಕಿದ್ದು. ದಾರಿಯುದ್ದಕ್ಕೂ ಮೇಸ್ತ್ರಿ ಹೇಳಿಕೊಟ್ಟರು. ಬುಟ್ಟಿ ಹೊಸ್ತಿಲ ಒಳಗೆ ಇಡಬೇಕು. ಕೈಲಿ ಕೊಡಬಾರದು. ಅವರು ಒಪ್ಪಿದರೆ ಬಾಯಿಬಿಟ್ಟು ಹೇಳುವುದಿಲ್ಲ. ಗಂಟು ಬಿಚ್ಚಿ ಬನ್ನು ಹಂಚುತ್ತಾರೆ. ಒಪ್ಪದಿದ್ದರೆ ಆಗಲೂ ಹೇಳುವುದಿಲ್ಲ. ಗಂಟು ಬಿಚ್ಚದೆ ಹಾಗೇ ಬಿಡುತ್ತಾರೆ. ಆಗ ತೆಗೆದುಕೊಂಡು ವಾಪಸ್ಸು ಬರಬೇಕು, ಅಷ್ಟೇ.

"ಹೌದು, ಇಲ್ಲ ಅನ್ನೋಕೆ ಬಾಯಿಗೇನು ದಾಡಿ ಇವರಿಗೆ?" ಅಂದ ಅಬ್ಸಾಲೊನ್.

"ನೋಡಿದ್ಯಾ? ಆಗಲೇ ಶುರು ಮಾಡಿದೆ."

ಮಣ್ಣಿನ ಗೋಡೆಯ ಮನೆ. ಒಳಗೆ ಒಲೆ ಉರಿಯುತ್ತಿತ್ತು. ಒಲೆಯ ಬದಿಯಲ್ಲಿ ಮೊಲದ ಮರಿಯಂಥ ಕೂಯಿಗಳು ಗುಂಪಾಗಿ ಹುಲ್ಲು ಮೆಲ್ಲುತ್ತಿದ್ದವು. ಪೆತ್ರೋನವ್ವ ಆಲೂಗಡ್ಡೆ ಸುಲಿಯುತ್ತಿದ್ದಳು. ದೆಲ್ಫಿನಾ ಮೂಲೆಯಲ್ಲಿ ಉಣ್ಣೆ ನೂಲುತ್ತಿದ್ದಳು, ಕಣ್ಣು ಎತ್ತಲಿಲ್ಲ. ಬುಟ್ಟಿ ಹೊಸ್ತಿಲ ಒಳಗೆ ಕೂತಿತು. ಎಲ್ಲರಿಗೂ ಹುರಿದ ಬಾರ್ಲಿಯ ಗಂಜಿ ಬಂತು.

ಮೇಸ್ತ್ರಿ ಮಾತು ತೆಗೆದರು. ಆಲಿಕಲ್ಲಿನ ವಿಷಯ. ಬೆಳೆಯ ವಿಷಯ. ಕುರಿಗಳಿಗೆ ಬಂದ ಕಾಲುಬೇನೆಯ ವಿಷಯ. ಪೆತ್ರೋನವ್ವ "ಹೌದು", "ಹಾಗೇ ಇದೆ" ಅನ್ನುತ್ತಿದ್ದಳು. ಅಬ್ಸಾಲೊನನಿಗೆ ಕೂತಲ್ಲಿ ಇರುವೆ ಹತ್ತಿದ ಹಾಗೆ. ಕಾಲು ಕುಣಿಯಿತು. ಮೇಸ್ತ್ರಿ ಒದ್ದರು. ಬೆರಳು ಲೋಟದ ಮೇಲೆ ತಾಳ ಹಾಕಿತು. ಮೇಸ್ತ್ರಿ ಲೋಟ ಕಿತ್ತುಕೊಂಡರು. ಮತ್ತೆ ಆಲಿಕಲ್ಲು. ಗಂಟು ಹಾಕಿದ ಬಟ್ಟೆ ಅಲ್ಲೇ ಬೆಳ್ಳಗೆ ಕೂತಿತ್ತು.

"ಅವ್ವ!" ಅಂತ ಅವನು ತಡೆಯಲಾರದೆ ಅಂದುಬಿಟ್ಟ. "ತಪ್ಪಾಯ್ತು. ನಂಗೆ ಗೊತ್ತಾಗ್ಲಿಲ್ಲ. ಹೌದೋ ಇಲ್ಲವೋ ಹೇಳಿಬಿಡಿ. ಬೇಕಾದ್ರೆ ಹೊಡೀರಿ. ಸುಮ್ಮನೆ ಮಾತ್ರ ಇರಬೇಡಿ!"

ಮೇಸ್ತ್ರಿ ಹಣೆ ಚಚ್ಚಿಕೊಂಡರು. ಪೆತ್ರೋನವ್ವ ಸುಲಿಯುತ್ತಿದ್ದ ಗೆಡ್ಡೆ ಮುಗಿಸಿದಳು. ಚಾಕು ಕೆಳಗಿಟ್ಟಳು.

"ನೀವು ಕೆಟ್ಟವರಲ್ಲ. ಕುಡಿಯಲ್ಲ, ಕೈ ಮಾಡಲ್ಲ ಅಂತ ಮಗಳು ಹೇಳಿದ್ಲು. ನಂಬ್ತೀನಿ. ಆದ್ರೆ ಆವತ್ತು ಆ ಬಂಡೀಲಿ ನಾನು ಸತ್ತೆ ಅಂದ್ಕೊಂಡೆ."

"ಒಂದು ಕೂಗು ಹಾಕಿದ್ರೆ ನಿಲ್ಲಿಸ್ತಿದ್ದೆ ಅವ್ವ! ಒಂದೇ ಒಂದು!"

"ಯಾರ ಮನೆಗೋ ಊಟಕ್ಕೆ ಹೋಗಿ, ಖಾರ ಜಾಸ್ತಿ ಆಯ್ತು ಅಂತ ಕೂಗ್ತೀರಾ ನೀವು?"

ಕಡಲಿನವರು ಕೂಗುತ್ತಾರೆ. ಆದರೆ ಅಬ್ಸಾಲೊನ್ ಅದನ್ನು ಹೇಳಲಿಲ್ಲ.

"ನೀವು ಪ್ರೀತಿಯಿಂದ ಬಡಿಸ್ತಿದ್ರಿ. ನಾನು ನುಂಗಿದೆ. ಮತ್ತೆ ಬಡಿಸಿದ್ರಿ. ಮತ್ತೆ ನುಂಗಿದೆ. ಅದಕ್ಕೆ ನಂಗೆ ಸಿಟ್ಟಿಲ್ಲ. ಆದ್ರೆ ಈ ಹುಡುಗಿ ಇದ್ದಾಳಲ್ಲ, ನನ್ನ ಹಾಗೇ. ಕೆಂಡ ಕಾಲ ಮೇಲೆ ಬಿದ್ರೂ ಬಾಯಿ ಬಿಡಲ್ಲ. ನಾಳೆ ನಿಮ್ಮನೇಲಿ ಅವಳಿಗೆ ಒಂದು ನೋವು ಬರತ್ತೆ, ಒಂದು ದುಃಖ ಬರತ್ತೆ. ನೀವು ಮುಖ ನೋಡ್ತೀರಿ. ಏನೂ ಕಾಣಲ್ಲ. ಚೆನ್ನಾಗಿದ್ದಾಳೆ ಅಂದ್ಕೊಂಡು ಇನ್ನೊಂದು ಸುತ್ತು ಬಿಡ್ತೀರಿ. ಆಗ ನಿಲ್ಲಿಸೋರು ಯಾರು?"

"ಕಲೀತೀನಿ ಅವ್ವ. ತುಟಿ ನೋಡ್ತೀನಿ, ಕಣ್ಣು ನೋಡ್ತೀನಿ..."

"ಕಲಿಯೋಕೆ ವರ್ಷಗಳು ಬೇಕು. ಅಲ್ಲೀವರೆಗೆ ಅವಳು ಏನು ಮಾಡ್ಲಿ?"

ಹುಟ್ಟಿದ ಮೇಲೆ ಮೊದಲ ಸಲ ಅವನ ಕಾಲು, ಕೈ, ಬೆರಳು ಎಲ್ಲಾ ನಿಂತುಹೋದವು. ಮೇಸ್ತ್ರಿ ಮೆಲ್ಲಗೆ ಎದ್ದು ಬುಟ್ಟಿಯ ಕಡೆ ಕೈ ಚಾಚಿದರು.

"ಇರಿ ಮೇಸ್ತ್ರಿ," ಅಂದಳು ದೆಲ್ಫಿನಾ.

ಎಲ್ಲರೂ ತಿರುಗಿದರು. ಹಿರಿಯರು ಮಾತಾಡುವಾಗ ಹುಡುಗಿ ಬಾಯಿ ಹಾಕುವ ಕ್ರಮ ಆ ಮನೆಯಲ್ಲಿ ಇರಲಿಲ್ಲ. ಅವಳು ಕದಿರನ್ನು ಮಡಿಲಿಗೆ ಹಾಕಿಕೊಂಡಳು.

"ತಪ್ಪು ಅವರೊಬ್ಬರದೇ ಅಲ್ಲ ಅವ್ವ. ನಾನು ಅವರ ಪಕ್ಕದಲ್ಲೇ ನಿಂತಿದ್ದೆ. ನಿಲ್ಲಿಸಿ ಅಂತ ಪಿಸುಗುಟ್ಟಿದೆ. ಆ ಗಲಾಟೇಲಿ ಪಿಸುಮಾತು ಯಾರಿಗೆ ಕೇಳತ್ತೆ? ಕೂಗಬೇಕಿತ್ತು. ಅಷ್ಟು ಜನರ ಮುಂದೆ ಕೂಗೋಕೆ ನಾಚಿಕೆ ಆಯ್ತು. ನನ್ನ ನಾಚಿಕೇಗೆ ನೀವು ಇನ್ನೊಂದು ಸುತ್ತು ಸುತ್ತಿದ್ರಿ."

ದೆಲ್ಫಿನಾ ಅಬ್ಸಾಲೊನನ ಕಡೆ ಬೆರಳು ತೋರಿಸಿದಳು.

"ಇವರಿಗೆ ಕಣ್ಣಿಲ್ಲ, ಕಿವಿ ಇದೆ. ನೋವಾದ್ರೆ ನಾನು ಕೂಗ್ತೀನಿ."

"ನೀನು?" ಅಂದಳು ಪೆತ್ರೋನವ್ವ. "ಹುಟ್ಟಿದಾಗ್ಲೂ ನೀನು ನೆಟ್ಟಗೆ ಅಳಲಿಲ್ಲ. ಸೂಲಗಿತ್ತಿ ತಲೆಕೆಳಗೆ ಹಿಡಿದು ಬಡಿದ್ಲು."

"ಕೂಗ್ತೀನಿ."

"ಬಾಯಲ್ಲಿ ಹೇಳೋದು ಸುಲಭ."

ದೆಲ್ಫಿನಾ ಎದ್ದು ನಿಂತಳು. ಕದಿರು ಬಿದ್ದು ಉರುಳಿತು. ಬಾಯಿ ತೆರೆದಳು. ಎಣ್ಣೆ ಕಾಣದ ಬಾಗಿಲಿನ ಹಾಗೆ ಒಂದು ಸಣ್ಣ ಕಿರುಗುಟ್ಟುವ ಸದ್ದು ಬಂತು. ಅವಳ ಮುಖ ಕೆಂಪಾಯಿತು. ಮೇಸ್ತ್ರಿ ನೆಲ ನೋಡಿದರು. ಅಬ್ಸಾಲೊನನಿಗೆ ಅವಳ ಬದಲು ತಾನೇ ಕೂಗಿಬಿಡೋಣ ಅನ್ನಿಸಿತು. ಅವಳು ಕಣ್ಣು ಮುಚ್ಚಿದಳು. ಹೊಟ್ಟೆಯ ತಳದಿಂದ ಉಸಿರು ಎಳೆದುಕೊಂಡಳು.

ಆಮೇಲೆ ಬಂದದ್ದು ಕೂಗು. ಮಣ್ಣಿನ ಗೋಡೆ ಅದುರಿತು. ಕೂಯಿಗಳು ಕೀಚು ಕೀಚು ಅನ್ನುತ್ತಾ ದಿಕ್ಕಾಪಾಲಾಗಿ ಓಡಿದವು. ಗಡಿಗೆಯ ಮುಚ್ಚಳ ಠಣ್ಣೆಂದು ಬಿತ್ತು. ಹೊರಗೆ ನಾಯಿ ಬೊಗಳಿತು, ಅದಕ್ಕೆ ಆಚೆ ಬೆಟ್ಟದ ನಾಯಿಗಳೆಲ್ಲ ಓಗೊಟ್ಟವು. ಕೂಗು ಮಾತ್ರ ನಿಲ್ಲಲಿಲ್ಲ. ಬಾಯಿ ಕಟ್ಟಿಕೊಂಡು ಬದುಕಿದ ವರ್ಷಗಳೆಲ್ಲ ಒಟ್ಟಿಗೆ ನುಗ್ಗಿಬಂದ ಹಾಗಿತ್ತು.

ಅಬ್ಸಾಲೊನ್ ಚಂಗನೆ ಎದ್ದಿದ್ದ. ಮುಖ ಬೆಳ್ಳಗಾಗಿತ್ತು. ಅವನ ಬಲಗೈ ತನ್ನಷ್ಟಕ್ಕೆ ತಾನೇ ಗಾಳಿಯಲ್ಲಿ ಇಲ್ಲದ ಲಿವರನ್ನು ಹಿಡಿದು, ಮೈಯ ಭಾರವನ್ನೆಲ್ಲ ಹಾಕಿ ಹಿಂದಕ್ಕೆ ಎಳೆಯುತ್ತಿತ್ತು. ಒಮ್ಮೆ ಎಳೆದ, ಮತ್ತೆ ಎಳೆದ. ಎಡವಿ ಆಲೂಗಡ್ಡೆಯ ತಪ್ಪಲೆಯ ಮೇಲೆ ಬಿದ್ದ. ಬಿದ್ದಲ್ಲಿಂದಲೂ ಕೈ ಎಳೆಯುತ್ತಲೇ ಇತ್ತು.

ಪೆತ್ರೋನವ್ವ ಮಗಳನ್ನು ನೋಡಲಿಲ್ಲ. ಆ ಕೈಯನ್ನು ನೋಡುತ್ತಿದ್ದಳು.

ಅಷ್ಟರಲ್ಲಿ ಅಂಗಳದಲ್ಲಿ ಕಾಲಿನ ಸದ್ದು. ಅಕ್ಕಪಕ್ಕದ ಹೊಲಗಳಿಂದ ಹೆಂಗಸರು ಗುದ್ದಲಿ ಹಿಡಿದವರು ಹಿಡಿದ ಹಾಗೇ ಓಡಿಬಂದಿದ್ದರು. ಬಾಗಿಲಲ್ಲಿ ತಲೆಯ ಮೇಲೆ ತಲೆ.

"ಏನಾಯ್ತು ಪೆತ್ರೋನಾ? ಯಾರು ಹೋದ್ರು?"

ಪೆತ್ರೋನವ್ವ ಎದ್ದಳು. ಸೊಂಟದ ಮೇಲೆ ಕೈ ಊರಿ ಹೊಸ್ತಿಲ ತನಕ ನಡೆದಳು. ಬಗ್ಗಿ ಬುಟ್ಟಿಯ ಗಂಟನ್ನು ಹಲ್ಲಿನಿಂದ ಕಚ್ಚಿ ಸಡಿಲ ಮಾಡಿದಳು. ಬಿಳಿ ಬಟ್ಟೆ ಸರಿಯಿತು.

"ಯಾರೂ ಹೋಗಿಲ್ಲ," ಅಂದಳು. "ಒಳಗೆ ಬನ್ನಿ. ಬನ್ನು ತಗೊಳ್ಳಿ."